ಇಲ್ಲಿ ಸಮುದ್ರವಿಲ್ಲ

ಜುಲೈ ೪

ಅಪ್ಪಾ,

ಮೊದಲು ಸಂತೋಷದ ಸುದ್ದಿ. ನಿಮ್ಮ ಪತ್ರಗಳ ಮೇಲೆ ನಾನು ಬರೆದ ಮೂರನೇ ಅಧ್ಯಾಯವನ್ನು ನಮ್ಮ ಗೈಡ್ ಓದಿದರು. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಮೆಚ್ಚಿದರು ಅಂತ ಅರ್ಥ. ಮೂರು ವರ್ಷದಲ್ಲಿ ನಾನು ನೋಡಿದ್ದು ಇದೇ ಮೊದಲು.

ಹೋದ ಸಲ ಅಮ್ಮ ಕೇಳಿದ್ದಳಲ್ಲ, "ಅಲ್ಲೇನು ಊರು ಸುತ್ತೋದನ್ನ ಕಲಿಸ್ತಾರಾ?" ಅಂತ. ಸುತ್ತುವುದನ್ನಲ್ಲ, ಸುತ್ತಿದವರನ್ನು ಓದುವುದನ್ನು. ನಮ್ಮ ಉದ್ದನೆಯ ಕೋಣೆಯಲ್ಲಿ ಆರು ಮೇಜುಗಳಿವೆ. ಒಬ್ಬರು ಹಳೆಯ ಭೂಪಟಗಳಲ್ಲಿ ತಪ್ಪಾಗಿ ಹರಿದ ನದಿಗಳನ್ನು ಹುಡುಕುತ್ತಾರೆ. ಇನ್ನೊಬ್ಬಳು ಹಡಗು ಹತ್ತಿದ ಚಿತ್ರಕಾರರು ಅಲೆಗೆ ಯಾವ ಬಣ್ಣ ಬಳಿದರು ಅಂತ ನೋಡುತ್ತಾಳೆ. ಕಿಟಕಿ ಪಕ್ಕದವನು ದಾರಿಯಲ್ಲಿ ನಡೆಯುತ್ತ ಜನ ಹಾಡಿದ ಹಾಡುಗಳನ್ನು ಕೂಡಿಸುತ್ತಾನೆ. ನನ್ನ ಮೇಜಿನ ಮೇಲೆ ಇರುವುದು ನೀವು. ನಾಟಕ ಕಂಪನಿಗೆ ಪರದೆ ಬರೆಯುತ್ತ, ನಾಲ್ಕು ವರ್ಷ ಊರೂರು ಅಲೆದು, ಮನೆಗೆ ಹಾಕಿದ ನಲವತ್ತೊಂದು ಪತ್ರಗಳು. ಶುರುವಾದಾಗ ನನಗೆ ಐದು, ಮುಗಿದಾಗ ಒಂಬತ್ತು. ನಾನು ಈ ವಿಷಯಕ್ಕೆ ಬಂದದ್ದೇ ಅವುಗಳಿಂದ, ಅದು ನಿಮಗೂ ಗೊತ್ತು.

ಗೈಡ್‌ಗೆ ಹಿಡಿಸಿದ್ದು ಒಂದು ಮಾತು. ನಲವತ್ತೊಂದು ಪತ್ರಗಳಲ್ಲಿ ಒಬ್ಬನೇ ಒಬ್ಬ ಮನುಷ್ಯನಿಲ್ಲ! ಅರಮನೆಯ ಕಂಬಗಳಿವೆ, ಹಿಮ ಹೊದ್ದ ಬೆಟ್ಟವಿದೆ, ಇಪ್ಪತ್ತೆರಡು ಮೆಟ್ಟಿಲಿನ ಬಂದರು ಇದೆ. ಹಡಗು ನಿಂತಿದೆ, ಇಳಿಯುವವರಿಲ್ಲ. ಮನೆಯಿಂದ ದೂರವಾದವನ ಕಣ್ಣಿಗೆ ಲೋಕ ಖಾಲಿಯಾಗಿ ಕಾಣುತ್ತದೆ ಅಂತ ವಾದಿಸಿದ್ದೇನೆ. ಹೌದಾ ಅಪ್ಪಾ?

ನೀವು ಎಲ್ಲೂ ಊರಿನ ಹೆಸರು ಬರೆದಿಲ್ಲ, ಬರೀ "ದೂರದಿಂದ" ಅಂತಿದೆ. ಅಂಚೆ ಮುದ್ರೆಗಳೂ ಒದ್ದೆ ಕೈಯಲ್ಲಿ ಉಜ್ಜಿದ ಹಾಗಿವೆ. ಆದರೆ ಮುದ್ರೆಯ ಒಳಗಿನ ಸಂಖ್ಯೆಗಳಿಂದ ಊರು ಪತ್ತೆ ಮಾಡಬಹುದಂತೆ. ಪಟ್ಟಿ ಸಿಕ್ಕಿದೆ. ಮುಂದಿನ ತಿಂಗಳು ನಿಮ್ಮ ಬಂದರಿಗೇ ಹೋಗುತ್ತಿದ್ದೇನೆ. ಯಾವ ಬೀದಿಯಲ್ಲಿ ಇಳಿದುಕೊಂಡಿದ್ದಿರಿ, ತಿಳಿಸಿ.

ಡಿಸೆಂಬರ್ ಹತ್ತಕ್ಕೆ ಪ್ರಬಂಧ ಒಪ್ಪಿಸಬೇಕು. ಕೊನೆಯಲ್ಲಿ ಒಂದು ಪುಟವಿರುತ್ತದೆ, ಆಧಾರಗಳನ್ನೆಲ್ಲ ನಾನೇ ಪರಿಶೀಲಿಸಿದ್ದೇನೆ, ಅವು ನಿಜ ಅಂತ. ಅದಕ್ಕೆ ಎಲ್ಲರೆದುರು ಸಹಿ ಹಾಕಬೇಕು. ಅವತ್ತು ನೀವಿಬ್ಬರೂ ಬರಲೇಬೇಕು. "ಲೋಕವೆಲ್ಲ ಸುತ್ತಿ ಆಯ್ತು, ಇನ್ನು ಈ ಕುರ್ಚಿ ಬಿಟ್ಟು ಏಳೋದಿಲ್ಲ" ಅನ್ನುವ ಹಳೇ ಡೈಲಾಗ್ ಬೇಡ. ಬಸ್ಸಿನಲ್ಲಿ ಮೂರು ಗಂಟೆ, ಅಷ್ಟೇ.

ನಿಮ್ಮ ಮಗಳು


ಜುಲೈ ೧೫

ಭಲೇ ಮಗಳೇ, ಭಲೇ!

ನಿನ್ನ ಪತ್ರ ಓದಿ ಎದ್ದು ನಿಂತೆ. ಅರ್ಧ ಬರೆದ ಅಂಗಡಿ ಬೋರ್ಡು ಅರ್ಧಕ್ಕೇ ನಿಂತಿತು, ನಿನ್ನಮ್ಮನ ಹೊಲಿಗೆ ಮಿಷನ್ ನಿಂತಿತು, ಕೆಳಗಿನ ಗಡಿಯಾರ ರಿಪೇರಿಯವರು ಮೇಲೆ ಬಂದು "ಏನ್ರೀ, ಸೂರು ಕುಸೀತಾ?" ಅಂದರು. "ಸೂರಲ್ಲ ಸ್ವಾಮಿ, ನನ್ನ ಮಗಳು ವಿದ್ವಾಂಸರ ಕನ್ನಡಕ ಇಳಿಸಿದಳು!" ಅಂತ ಗರ್ಜಿಸಿದೆ.

ಖಾಲಿ ಲೋಕ! ಆಹಾ! ಏನು ಮಾತು! ಹಾಗೇ ಇರಲಿ. ಆ ಒಂದು ಸಾಲಿಗೆ ಈ ಮುದುಕ ತಲೆಬಾಗಿದ್ದಾನೆ.

ಆದರೆ ಬಂದರಿಗೆ ಯಾಕೆ ಹೋಗುತ್ತೀಯ? ಇಪ್ಪತ್ತೆರಡು ವರ್ಷವಾಯಿತು. ಕಟ್ಟಡಗಳು ಬೀಳುತ್ತವೆ, ಮೆಟ್ಟಿಲುಗಳು ಸವೆಯುತ್ತವೆ. ನನ್ನ ಕಣ್ಣಿನಲ್ಲಿ ಉಳಿದಿರುವ ಬಂದರು ನಿನ್ನ ಹತ್ತಿರವೇ ಇದೆ, ಕಾಗದದ ಮೇಲೆ. ಅದು ಸಾಲದೇ? ಬೀದಿಯ ಹೆಸರು ಮರೆತಿದೆ. ಸಮುದ್ರದ ಕಡೆಗೆ ತೆರೆದ ಕಿಟಕಿ, ಅಷ್ಟು ನೆನಪು. ಹೋಗಬೇಡ. ದಾರಿಯ ಖರ್ಚು, ಬಿಸಿಲು. ನನಗೆ ಬೇರೆ ನೆಗಡಿಯಾಗಿದೆ.

ಸದಾ ನಿನ್ನ ಎದುರು ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವ,
ಅಪ್ಪ

(ನೆಗಡಿ ಗಿಗಡಿ ಏನೂ ಇಲ್ಲ. ನಿನ್ನ ನೀಲಿ ಕುಪ್ಪಸದ ತೋಳು ಸರಿ ಮಾಡಿಟ್ಟಿದ್ದೇನೆ. – ಅಮ್ಮ)


ಆಗಸ್ಟ್ ೨

ಅಪ್ಪಾ,

ಇಲ್ಲಿ ಸಮುದ್ರವಿಲ್ಲ.

ಹೊರಡುವ ಮೊದಲು ಭೂಪಟ ನೋಡಬೇಕು ಅಂತಲೂ ಅನ್ನಿಸಲಿಲ್ಲ, ನಿಮ್ಮ ಮಾತೇ ಸಾಕಾಗಿತ್ತು. ಬಸ್ಸಿಳಿದು ಮೊದಲು ವಾಸನೆ ನೋಡಿದೆ. ಬರೀ ಧೂಳು, ಡೀಸೆಲ್ಲು. ಔಷಧಿ ಅಂಗಡಿಯವರನ್ನು ಕೇಳಿದೆ. "ಬಂದರು ಯಾವ ಕಡೆ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಮುದ್ರಾನಾ? ಇದೇ ರಸ್ತೇಲಿ ನೇರ ಹೋಗಿ. ಐದು ಗಂಟೆ" ಅಂದರು. "ನಡೆದುಕೊಂಡಾ?" "ಬಸ್ಸಲ್ಲಮ್ಮ!" ಪಕ್ಕದಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವು ಮೂರೇ ಮೆಟ್ಟಿಲು.

ಇಲ್ಲಿ ಒಂದು ನದಿಯೂ ಇಲ್ಲ. ಒಂದು ಕೆರೆ ಇತ್ತಂತೆ, ಈಗ ಅಲ್ಲಿ ಲಾರಿಗಳು ನಿಲ್ಲುತ್ತವೆ. ಮುದ್ರೆಯ ಸಂಖ್ಯೆಯನ್ನು ಇಲ್ಲಿನ ಅಂಚೆ ಕಚೇರಿಯಲ್ಲೇ ತೋರಿಸಿದೆ. "ನಮ್ದೇ, ಅನುಮಾನಾನೇ ಬೇಡ" ಅಂದರು. ನಾಟಕ ಕಂಪನಿ ಇಲ್ಲಿ ಎರಡು ತಿಂಗಳು ಕ್ಯಾಂಪ್ ಮಾಡಿದ್ದೂ ನಿಜ. ಮಾರುಕಟ್ಟೆಯ ಹಿಂದಿನ ಹಾಲ್‌ನಲ್ಲಿ ಗೋಡೆಯ ಮೇಲೆ ಹಳೆಯ ಜಾಹೀರಾತು ಇನ್ನೂ ಅಂಟಿಕೊಂಡಿದೆ.

ಹಾಗಾದರೆ ನಾನು ತಪ್ಪು ಓದಿದೆನಾ? ಪತ್ರ ಮತ್ತೆ ತೆಗೆದು ನೋಡಿದೆ. "ಇದೀಗ ಕಿಟಕಿ ತೆರೆದೆ. ಇಪ್ಪತ್ತೆರಡು ಮೆಟ್ಟಿಲಿಳಿದರೆ ಸಮುದ್ರ." ಇದೀಗ ಅಂದರೆ ಯಾವಾಗ? ಕಿಟಕಿ ಅಂದರೆ ಯಾವುದು? ನನಗೆ ತಲೆಬುಡ ಗೊತ್ತಾಗುತ್ತಿಲ್ಲ. ಬೇಗ ಬರೆಯಿರಿ.

ಮಗಳು


ಆಗಸ್ಟ್ ೧೪

ಮಗಳೇ,

ಗಾಬರಿಯಾಗಬೇಡ! ಸಮುದ್ರಗಳು ಹಿಂದೆ ಸರಿಯುತ್ತವೆ. ಎಷ್ಟೋ ಬಂದರುಗಳು ಮಣ್ಣಿನಡಿ ಹೋಗಿವೆ ಅಂತ ನೀನೇ ಒಮ್ಮೆ ಹೇಳಿರಲಿಲ್ಲವೇ?

ಅಥವಾ ಹೀಗೂ ಆಗಿರಬಹುದು. ಬರೆದದ್ದು ಒಂದು ಊರಿನಲ್ಲಿ, ಡಬ್ಬಕ್ಕೆ ಹಾಕಿದ್ದು ಇನ್ನೊಂದರಲ್ಲಿ. ಅಲೆಮಾರಿಯ ಜೇಬಿನಲ್ಲಿ ಪತ್ರ ವಾರಗಟ್ಟಲೆ ಮಲಗಿರುತ್ತದೆ. ಅಥವಾ ಆ ಅಂಚೆಯವರು ಪಟ್ಟಿಯನ್ನು ತಲೆಕೆಳಗಾಗಿ ಹಿಡಿದಿರಬೇಕು. ಇದರಲ್ಲಿ ಯಾವುದು ನಿನ್ನ ಗೈಡ್‌ಗೆ ಒಪ್ಪಿಗೆಯೋ ಅದನ್ನು ಬರೆದುಬಿಡು. ನಾಟಕದಲ್ಲಿ ನಟ ಮಾತು ಮರೆತರೆ ಪರದೆ ಇಳಿಸುತ್ತೇವೆ. ನೀನೂ ಇಳಿಸು. ಇಳಿಸಮ್ಮಾ!

ಅಪ್ಪ

(ಮೂರು ಕಾರಣ ಕೊಟ್ಟಿದ್ದಾರೆ, ನೋಡಿದೆ. ನನ್ನನ್ನು ಕೇಳಬೇಡ. ಅವರ ಬಾಯಿಂದಲೇ ಬರಲಿ. – ಅಮ್ಮ)


ಸೆಪ್ಟೆಂಬರ್ ೨೦

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ, ಏನು ಬರೆಯಬೇಕೋ ತಿಳಿಯಲಿಲ್ಲ. ಇನ್ನೆರಡು ಊರಿಗೆ ಹೋಗಿ ಬಂದೆ. ಹಿಮದ ಬೆಟ್ಟದ ಊರು ಅಂಗೈಯಷ್ಟು ಸಪಾಟು. ಅರಮನೆಯ ಊರಿನಲ್ಲಿ ಎತ್ತರದ ಕಟ್ಟಡ ಅಂದರೆ ನೀರಿನ ಟ್ಯಾಂಕು.

ಆ ಟ್ಯಾಂಕಿನ ಎದುರು ಒಂದು ಸೈಕಲ್ ರಿಪೇರಿ ಅಂಗಡಿ. ನಿಮ್ಮ ಕಂಪನಿಯಲ್ಲಿ ಪರದೆಯ ಹಗ್ಗ ಎಳೆಯುತ್ತಿದ್ದವರು ಅದನ್ನು ನಡೆಸುತ್ತಾರೆ. ಎಲ್ಲರೂ ಪೈಲ್ವಾನ ಅನ್ನುತ್ತಾರೆ. ಈಗಲೂ ಕೈ ಬೆವರುತ್ತಲೇ ಇರುತ್ತದೆ, ಟ್ಯೂಬು ಜಾರಿ ಜಾರಿ ಹೋಗುತ್ತದೆ. ನಿಮ್ಮ ವಿಷಯ ಎತ್ತಿದೆ.

"ಪರದೆ ಮೇಷ್ಟ್ರಾ? ಅವರು ನಮ್ ಜೊತೆ ಬರ್ಲೇ ಇಲ್ವಲ್ಲಮ್ಮಾ."

"ನಾಲ್ಕು ವರ್ಷ ಇದ್ದರಲ್ಲ?"

"ಪರದೆ ಬರ್ತಿತ್ತು, ಗೂಡ್ಸ್ ರೈಲಲ್ಲಿ. ಸುತ್ತಿದ ಪರದೆ ಒಳಗೆ ಒಂದು ಕವರ್. ನಾನು ಸ್ಟಾಂಪ್ ಅಂಟಿಸಿ, ಅಂಚೆ ಕಚೇರೀಲಿ ಮುದ್ರೆ ಒತ್ತಿಸಿ, ನಾನೇ ಚೀಲಕ್ಕೆ ಹಾಕ್ತಿದ್ದೆ. ಯಾಕೆ ಅಂತ ಕೇಳ್ಲಿಲ್ಲ. ಕೇಳ್ಬೇಕಿತ್ತಾ?"

ಮುದ್ರೆಗಳು ಅಳಿಸಿದ್ದು ಯಾಕೆ ಅಂತ ಆಗ ತಿಳಿಯಿತು. ನೀವು ಹೋಗಲೇ ಇಲ್ಲ. ನಾನು ಆ ಪತ್ರಗಳನ್ನು ಸ್ಕೂಲಿಗೆ ಒಯ್ದು ಓದಿಸಿದ್ದೆ ಅಪ್ಪಾ. ಭೂಪಟದ ಮೇಲೆ ಬೆರಳಿಟ್ಟು ನೀವೆಲ್ಲಿದ್ದೀರಿ ಅಂತ ಹುಡುಕಿದ್ದೆ. ಈಗ ಆರು ಮೇಜಿನ ಕೋಣೆಯಲ್ಲಿ ಕೂತು ಅದನ್ನೇ ಮಾಡುತ್ತಿದ್ದೇನೆ. ಅಧ್ಯಾಯವನ್ನು ಹರಿಯಲಾ, ಇಟ್ಟುಕೊಳ್ಳಲಾ? ಆ ಪುಟಕ್ಕೆ ಸಹಿ ಹಾಕಿದರೆ ನಾನು ಸುಳ್ಳುಗಾತಿ. ಹಾಕದಿದ್ದರೆ ಮೂರು ವರ್ಷದ ಕೆಲಸ ನೀರಿನಲ್ಲಿ ಹೋಮ.

ಅದಕ್ಕಿಂತ ಮೊದಲು ಇದಕ್ಕೆ ಉತ್ತರ ಕೊಡಿ. ಆ ನಾಲ್ಕು ವರ್ಷ ಎಲ್ಲಿದ್ದಿರಿ? ಬೇರೆ ಮನೆ ಇತ್ತಾ ನಿಮಗೆ? ಆ ಮನೆಯಲ್ಲಿ ಬೇರೆ ಯಾರಾದರೂ ನಿಮ್ಮನ್ನು ಅಪ್ಪಾ ಅನ್ನುತ್ತಿದ್ದರಾ?

ನಿಮಗೆ ಒಬ್ಬಳೇ ಮಗಳು ಅಂದುಕೊಂಡಿರುವ,
ನಾನು


ಅಕ್ಟೋಬರ್ ೧೧

ಮಗಾ,

ನಿನ್ನ ಪತ್ರ ಅವರ ಜೇಬಿನಲ್ಲೇ ಇದೆ. ಊಟ ಅರ್ಧಕ್ಕೆ ಬಿಡುತ್ತಾರೆ. ದನಿ ಎತ್ತಿ ಮಾತಾಡಿ ವಾರವಾಯಿತು. ಕೆಳಗಿನ ಗಡಿಯಾರದವರು ಬಂದು "ಯಜಮಾನರು ಊರಲ್ಲಿಲ್ವಾ?" ಅಂತ ಕೇಳಿದರು.

ದಿನಾ ಬೆಳಿಗ್ಗೆ ಸ್ಟೇಷನ್‌ಗೆ ಹೋಗುತ್ತಾರೆ. ಒಮ್ಮೆ ಹಿಂದೆಯೇ ಹೋಗಿ ನೋಡಿದೆ. ರೈಲು ಬಂದಾಗ ಬಾಗಿಲ ಸರಳು ಹಿಡಿಯುತ್ತಾರೆ. ಹೊರಡುವಾಗ ಬಿಡುತ್ತಾರೆ. ಕೈ ಒರೆಸಿಕೊಂಡು ಮನೆಗೆ ಬರುತ್ತಾರೆ.

ಬೇರೆ ಮನೆಯಂತೆ! ಇದ್ದಿದ್ದರೆ ನಾನು ಕತ್ತರಿ ಹಿಡಿದುಕೊಂಡೇ ಹೋಗುತ್ತಿದ್ದೆ. ನಿನಗೆ ಒಂಬತ್ತು ವರ್ಷವಿದ್ದಾಗ ನಿನ್ನನ್ನು ಎದುರುಮನೆ ಅತ್ತೆಯ ಹತ್ತಿರ ಬಿಟ್ಟು ನಾಲ್ಕು ದಿನ "ಬಟ್ಟೆ ತರೋಕೆ" ಹೋಗಿದ್ದೆ, ನೆನಪಿದೆಯಾ? ತಂದದ್ದು ಬಟ್ಟೆಯಲ್ಲ. ಇಷ್ಟು ಸಾಕು. ಇನ್ನು ಸ್ವಲ್ಪ ತಡಿ.

ಅಮ್ಮ


ಅಕ್ಟೋಬರ್ ೨೮

ಮಗಳೇ,

ಇದು ನನ್ನ ಏಳನೇ ಕಾಗದ. ಆರು ಹರಿದೆ. ಎಲ್ಲವೂ ಭಾಷಣವಾಗುತ್ತಿದ್ದವು.

ಹೊರಟ ದಿನ ಪ್ಲಾಟ್‌ಫಾರ್ಮಿನ ಮೇಲೆ ನಿನ್ನನ್ನು ಹೆಗಲಿಗೇರಿಸಿ ಕೂಗಿದ್ದೆ, "ಲೋಕವನ್ನೇ ಸುತ್ತಿ ತಂದು ನಿನ್ನ ಪಾದದ ಬಳಿ ಹಾಸ್ತೀನಿ!" ಜನ ಚಪ್ಪಾಳೆ ತಟ್ಟಿದರು. ರೈಲು ಹೊರಟಿತು. ನಾನು ಅದುವರೆಗೆ ರೈಲು ಹತ್ತಿರಲಿಲ್ಲ. ಪರದೆಯ ಮೇಲೆ ಬರೆದಿದ್ದೆ, ಹೊಗೆಸಹಿತ. ಆದರೆ ಪರದೆಯ ಮೇಲಿನದು ನಿಂತಿರುತ್ತದೆ. ಇದರ ಕಿಟಕಿಯಾಚೆ ನೆಲವೇ ಓಡತೊಡಗಿತು. ಎದೆ ಹಿಡಿದುಕೊಂಡಿತು, ಉಸಿರು ಎಲ್ಲಿ ಹೋಯಿತೋ. ಎರಡು ಗಂಟೆಯ ಮೇಲೆ ಜಂಕ್ಷನ್ ಬಂತು. ಇಳಿದೆ. ಮತ್ತೆ ಹತ್ತಲಾಗಲಿಲ್ಲ. ಪೈಲ್ವಾನ ಎತ್ತಿ ಒಳಗೆ ಹಾಕಿದ, ನಾನು ಇನ್ನೊಂದು ಬಾಗಿಲಿಂದ ಇಳಿದೆ. ಕಂಪನಿಯ ಮ್ಯಾನೇಜರ್ ನಕ್ಕು, "ಇಲ್ಲೇ ಗೂಡ್ಸ್ ಶೆಡ್ಡಿನಲ್ಲಿ ಕೂತು ಬರೀರಿ ಮೇಷ್ಟ್ರೇ, ಪರದೆ ಬಂದ್ರೆ ಸಾಕು, ನೀವು ಬರ್ಬೇಕಿಲ್ಲ" ಅಂದರು.

ಬೇರೆ ಮನೆ ಇರಲಿಲ್ಲ. ತಗಡಿನ ಶೆಡ್ಡು. ಅಂಟು ಕುದಿಸುವ ಒಲೆ, ಬಣ್ಣದ ಬಕೆಟ್ಟು, ನೆಲದ ಮೇಲೆ ಹಾಸಿದ ನಲವತ್ತಡಿ ಬಟ್ಟೆ. "ಮುಂದಿನ ಕ್ಯಾಂಪಿಗೆ ಬಂದರು ಬೇಕು" ಅಂತ ಚೀಟಿ ಬರುತ್ತಿತ್ತು. ಬಂದರು ಬರೆಯುತ್ತಿದ್ದೆ. ಬರೆದದ್ದನ್ನೇ ನೋಡಿ ನಿನಗೆ ಪತ್ರ ಬರೆಯುತ್ತಿದ್ದೆ. ಬಂದರು ಕೇಳಿದ್ದು ನಾಟಕಕ್ಕೆ ಅಂತ ಗೊತ್ತಿತ್ತು. ಊರಿನಲ್ಲಿ ಸಮುದ್ರ ಇದೆಯೋ ಇಲ್ಲವೋ, ಮೂರ್ಖ, ಯೋಚಿಸಲೇ ಇಲ್ಲ.

ನೀನು ಕೇಳಿದೆಯಲ್ಲ, ಮನುಷ್ಯರು ಯಾಕಿಲ್ಲ ಅಂತ. ಪರದೆಯ ಮೇಲೆ ಮನುಷ್ಯರನ್ನು ಬರೆಯಕೂಡದು ಮಗಳೇ. ನಮ್ಮ ಕಸುಬಿನ ಮೊದಲ ಪಾಠ ಅದು. ಮನುಷ್ಯರು ಮುಂದೆ ಬಂದು ನಿಲ್ಲುತ್ತಾರೆ, ಅವರಿಗೆ ಜಾಗ ಬಿಡಬೇಕು. ಖಾಲಿ ಲೋಕವೂ ಇಲ್ಲ, ಏನೂ ಇಲ್ಲ. ನಿನ್ನ ವಾದ ಕೆಡಿಸಿದ್ದಕ್ಕೆ ಕ್ಷಮಿಸು.

ಯಾಕೆ ನಡೆದು ಮನೆಗೆ ಬರಲಿಲ್ಲ ಅನ್ನುತ್ತೀಯ. ಬರಬಹುದಿತ್ತು. ಮೊದಲ ತಿಂಗಳು ನಾಚಿಕೆ. ಆಮೇಲೆ ಪತ್ರಗಳು. ಹತ್ತು ಬರೆದ ಮೇಲೆ, ಹತ್ತು ಊರು ನೋಡಿದವನಾಗಿ ಬರಬೇಕಿತ್ತು. ಇಪ್ಪತ್ತಾದವು. ನಾನೇ ಬರೆದ ಬೆಟ್ಟಗಳು ನನ್ನ ಬಾಗಿಲಿಗೇ ಅಡ್ಡ ನಿಂತವು.

ನಿನ್ನಮ್ಮ ಕಂಡುಹಿಡಿದಳು. ಪ್ರತಿ ಲಕೋಟೆಯಲ್ಲೂ ಅದೇ ಸೆಣಬಿನ ಎಳೆ, ಪರದೆ ಕಟ್ಟುವ ದಾರದ್ದು. ದರ್ಜಿಯ ಕಣ್ಣು! ಕಂಪನಿಯ ಕಚೇರಿಗೆ ಹೋದಳು. "ನನ್ನ ಗಂಡ ಎಲ್ಲಿ" ಅಂತ ಕೇಳಲಿಲ್ಲ. "ಪರದೆಗಳು ಎಲ್ಲಿಂದ ಬರ್ತವೆ" ಅಂತ ಕೇಳಿದಳು. ಮಧ್ಯಾಹ್ನ ಶೆಡ್ಡಿನ ಬಾಗಿಲು ಸರಿಯಿತು. ನಾನು ಹೊಸ ಬಂದರಿಗೆ ನೀಲಿ ಬಳಿಯುತ್ತಿದ್ದೆ. ಅವಳು ಬಂದು ಅದರ ಮುಂದೆ ನಿಂತಳು.

"ಇದೇನಾ ನಿಮ್ ಸಮುದ್ರ?"

"ಹೌದು."

"ಚೆನ್ನಾಗಿದೆ. ಚಪ್ಪಲಿ ಹಾಕ್ಕೊಳ್ಳಿ."

ಮೂರು ದಿನ ನಡೆದು ಬಂದೆವು. ಮನೆಗೆ ಬಂದರೆ ನೀನು ಪತ್ರಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಅಪ್ಪಾ, ಯಾವ ಊರು ಎಲ್ಲಕ್ಕಿಂತ ಚೆನ್ನಾಗಿತ್ತು?" ಅಂದೆ. ನಾನೇನು ಹೇಳಲಿ?

ಹೇಳಿದೆ. ಬಂದರು ಅಂದೆ.

ಅಪ್ಪ


ನವೆಂಬರ್ ೯

ಅಪ್ಪಾ,

ಪತ್ರ ಓದಿ ಒಂದು ವಾರ ಕೋಪ ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಅಳಲು ನೋಡಿದೆ, ಪೈಲ್ವಾನರು ನಿಮ್ಮನ್ನು ಎತ್ತಿ ಹಾಕಿದ್ದು, ನೀವು ಆ ಕಡೆಯಿಂದ ಇಳಿದದ್ದು ಕಣ್ಣಿಗೆ ಕಟ್ಟಿ ನಗು ಬಂತು. ಏನಾಗುತ್ತಿದೆ ಅಂತ ನನಗೇ ಗೊತ್ತಿಲ್ಲ.

ಗೈಡ್‌ಗೆ ಎಲ್ಲ ಹೇಳಿದೆ. ಕನ್ನಡಕ ತೆಗೆಯಲೂ ಇಲ್ಲ, ಹಾಕಿಕೊಳ್ಳಲೂ ಇಲ್ಲ. ಮೂಗಿನ ತುದಿಯಲ್ಲಿ ಹಿಡಿದುಕೊಂಡೇ ಕೂತರು. ಆಮೇಲೆ ಆರು ಮೇಜಿನವರನ್ನೂ ಕರೆದರು. ಭೂಪಟದವರು, "ಹೋಗ್ದೇ ಇದ್ದೋನು ಪ್ರಯಾಣಿಕನೇ ಅಲ್ಲ, ಅಧ್ಯಾಯ ತೆಗೀರಿ" ಅಂದರು. ಅಲೆಗಳ ಹುಡುಗಿ, "ನನ್ನ ಚಿತ್ರಕಾರರಲ್ಲಿ ಅರ್ಧ ಜನ ಹಡಗಿನಲ್ಲಿ ವಾಂತಿ ಮಾಡ್ಕೊಂಡು ಮಲಗಿದ್ರು, ಅಲೆ ಬರ್ದಿದ್ದು ಮನೆಗೆ ಬಂದ್ಮೇಲೆ" ಅಂದಳು. ಹಾಡಿನವನು ಇಬ್ಬರೂ ಸರಿ ಅಂದ. ಮೂರು ಗಂಟೆ ಜಗಳವಾಡಿದರು. ಕೊನೆಗೆ ಗೈಡ್ ಕೇಳಿದ್ದು ಒಂದೇ. "ನೀವು ಯಾವ ಮಾತಿಗೆ ಸಹಿ ಹಾಕಬಲ್ಲಿರಿ?"

ಅಪ್ಪಾ, ಅಧ್ಯಾಯವನ್ನು ಮತ್ತೆ ಬರೆಯತೊಡಗಿದ್ದೇನೆ. ಶೆಡ್ಡು, ಚೀಟಿ, ಗೂಡ್ಸ್ ರೈಲು, ಎಲ್ಲ. ಒಂದೂರಲ್ಲೇ ಕೂತು ನಲವತ್ತೊಂದು ಊರಿನಿಂದ ಬರೆದವನ ಬಗ್ಗೆ. ಅದಕ್ಕೆ ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ಆದರೆ ಅದು ಅಚ್ಚಾಗುತ್ತದೆ. ನಿಮ್ಮ ಭಯ ಗ್ರಂಥಾಲಯದಲ್ಲಿ ಎಲ್ಲರ ಕೈಗೆ ಸಿಗುತ್ತದೆ. ನೀವು ಬೇಡ ಅಂದರೆ ಹರಿದು ಹಾಕುತ್ತೇನೆ, ಇನ್ನೆರಡು ವರ್ಷ ಕೂರುತ್ತೇನೆ. ಹೂಂ ಅಥವಾ ಊಹೂಂ, ಒಂದು ಮಾತು ಬರೆಯಿರಿ.

ಇನ್ನೊಂದು. ಆ ಮೂರು ದಿನ ಅಮ್ಮನ ಜೊತೆ ನಡೆದಿರಲ್ಲ, ಅದರ ಬಗ್ಗೆ ಒಂದು ಸಾಲೂ ನೀವು ಯಾರಿಗೂ ಬರೆದಿಲ್ಲ. ನಿಮ್ಮ ನಿಜವಾದ ಪ್ರಯಾಣ ಅದೊಂದೇ. ದಾರಿಯಲ್ಲಿ ಯಾರೂ ಸಿಗಲಿಲ್ಲವಾ?

ನಿಮ್ಮ ಮಗಳು


ಡಿಸೆಂಬರ್ ೭
ದಾರಿಯಲ್ಲಿ, ಮೂರನೇ ದಿನ

ಮಗಳೇ!

ಹೂಂ!

ಹೂಂ ಅನ್ನುವುದನ್ನು ಬರೀ ಅಂಚೆಗೆ ಹಾಕಿ ಕೂರುವ ಬದಲು ಹೊತ್ತುಕೊಂಡೇ ಬರುತ್ತಿದ್ದೇನೆ. ಬಸ್ಸಿನ ಬಾಗಿಲ ತನಕ ಹೋದೆ, ಸುಳ್ಳು ಹೇಳುವುದಿಲ್ಲ, ಕಾಲು ಏಳಲಿಲ್ಲ. ಹಿಂದಿನಿಂದ ನಿನ್ನಮ್ಮ, "ಚಪ್ಪಲಿ ಹಾಕ್ಕೊಂಡಿದೀರಲ್ಲ, ನಡೀರಿ" ಅಂದಳು. ನಡೆದೆವು. ದಿನಕ್ಕೆ ಒಂಬತ್ತು ಹತ್ತು ಮೈಲಿ. ಎಡ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿದೆ. ನಿನ್ನಮ್ಮ ನೀಲಿ ಕುಪ್ಪಸದ ತುಂಡು ಸುತ್ತಿದ್ದಾಳೆ. ತೋಳು ಸರಿ ಮಾಡಿದಾಗ ಉಳಿದದ್ದಂತೆ.

ಮೂರು ದಿನದ ಆ ಹಳೆಯ ನಡಿಗೆಯ ಬಗ್ಗೆ ನೀನು ಕೇಳಿದ್ದೀಯ. ಆಗ ನಾನು ತಲೆ ಎತ್ತಿ ನೋಡಲೇ ಇಲ್ಲ. ಈ ಸಲ ನೋಡುತ್ತಿದ್ದೇನೆ. ಅಬ್ಬಬ್ಬಾ, ಎಷ್ಟು ಜನ! ಪರದೆ ಬರೆಯುವವನಿಗೆ ಇಷ್ಟು ಜನರನ್ನು ಎಲ್ಲಿಡಬೇಕು ಅಂತಲೇ ತೋಚುವುದಿಲ್ಲ. ಇಟ್ಟಿಗೆ ಗೂಡಿನ ಹೆಂಗಸರು ನನ್ನನ್ನು ಕಂಡು, "ಅಜ್ಜಾ, ಬಸ್ಸು ಕಂಡುಹಿಡಿದಿದಾರೆ, ಗೊತ್ತಾಗ್ಲಿಲ್ವಾ?" ಅಂದರು. ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ ಹತ್ತಿ ಅಂದ, ಭಯ ಅಂದೆ. ಮೂರು ಜನರೆದುರು ಗಟ್ಟಿಯಾಗಿ ಅಂದೆ! ಅವನು ನಗಲಿಲ್ಲ. ತನಗೆ ದೋಣಿ ಅಂದರೆ ಹಾಗೇ ಅಂದ. ಯಾವ ಪತ್ರದಲ್ಲೂ ನಾನು ಇಂಥವನನ್ನು ಹುಟ್ಟಿಸಿರಲಿಲ್ಲ.

ನೀನು ನಂಬದಿದ್ದರೆ ತಪ್ಪಿಲ್ಲ. ನಲವತ್ತೊಂದು ಸಲ ನಂಬಿದ್ದೀಯ. ಆದ್ದರಿಂದ ಈ ಪತ್ರವನ್ನು ಪರಿಶೀಲನೆ ಮಾಡಿಸಿಯೇ ಅಂಚೆಗೆ ಹಾಕುತ್ತೇನೆ. ಈಗ ಒಂದು ಸಣ್ಣ ಊರಿನ ಚಹಾದಂಗಡಿಯ ಬೆಂಚಿನ ಮೇಲಿದ್ದೇವೆ. ಚಪ್ಪಲಿಯ ಬಾರು ಹೊಲಿಸುತ್ತಿದ್ದೇನೆ. ಹತ್ತನೇ ತಾರೀಖು ನಿನ್ನ ಕೋಣೆಯ ಬಾಗಿಲಲ್ಲಿರುತ್ತೇವೆ. ಸಹಿ ಹಾಕಲು ಪೆನ್ನು ಸಿದ್ಧವಿಡು. ಕೆಳಗೆ ಸಾಕ್ಷಿಗಳು.

ನಿನ್ನ ಅಪ್ಪ

ನಾನು ಜೊತೆಯಲ್ಲೇ ಇದ್ದೇನೆ. ಬಿಸಿನೀರು ಕಾಯಿಸಿಟ್ಟಿರು. – ಅಮ್ಮ

ಇವ್ರು ಎರಡು ಚಹಾ ಕುಡಿದ್ರು. ಮೂರನೇದು ಬೇಡ ಅಂದ್ರೆ ಕೇಳ್ತಿಲ್ಲ. ಜೋರಾಗಿ ಮಾತಾಡ್ತಾರೆ, ಬೀದಿ ಜನ ಎಲ್ಲ ಸೇರಿದಾರೆ. – ಚಹಾದಂಗಡಿಯವಳು

ಇವ್ರ ಚಪ್ಪಲಿ ನಾನೇ ಹೊಲ್ದಿದ್ದು, ನಡೆದೇ ಬಂದಿದಾರೆ, ಅಟ್ಟೆ ನೋಡಿದ್ರೆ ಗೊತ್ತಾಗುತ್ತೆ. ಇಲ್ಲಿ ಸಮುದ್ರ ಇಲ್ಲ ಅಂತಾನೂ ಬರೀಬೇಕಂತೆ. ನಿಜವಾಗ್ಲೂ ಇಲ್ಲಮ್ಮ. – ಚಪ್ಪಲಿ ಹೊಲಿಯೋನು